ಗುಜರಿಯವನ ತಕ್ಕಡಿ

ಕಾಲೇಜು ಸ್ಪರ್ಧೆಗೆಂದು ನಾವು ಕಟ್ಟಿದ್ದ ರೋಬೋ ಮಿತಿಗಿಂತ ಭಾರವಾಗಿತ್ತು. “ಅಲ್ಯೂಮಿನಿಯಂ ಬಗ್ಗುತ್ತೆ ಕಣೇ” ಎಂದ ಗೆಳೆಯರ ಮಾತಿಗೆ ಕಿವಿಗೊಡದೆ, ಹಟಕ್ಕೆ ಬಿದ್ದು ಕಬ್ಬಿಣದ ಚೌಕಟ್ಟು ಕಿತ್ತುಹಾಕಿದೆ. ಅಲ್ಯೂಮಿನಿಯಂ ಪಟ್ಟಿ ಜೋಡಿಸಿ, ತೂಕ ಇನ್ನೂ ಇಳಿಯಲೆಂದು ಅದಕ್ಕೂ ಸಾಲಾಗಿ ತೂತು ಕೊರೆದು, ದೊಡ್ಡಬಳ್ಳಾಪುರದ ನಮ್ಮ ಮನೆಗೆ ತಂದೆ.

ಅಂದೇ ಗುಜರಿಯವನು ಅಪ್ಪನ ಸೀರೆ ಮಗ್ಗವನ್ನು ಬಿಚ್ಚಿ ತೂಗುತ್ತಿದ್ದ. ನಿಂತುಹೋಗಿ ಬಹಳ ದಿನವಾಗಿದ್ದ ಮಗ್ಗ. ಅದರ ಕಬ್ಬಿಣವನ್ನೆಲ್ಲ ಇಳಿಸಿದ ಮೇಲೆ ಅದೇ ತಕ್ಕಡಿಯಲ್ಲಿ ನನ್ನ ರೋಬೋ ಇಟ್ಟೆ.

“ಇದೂ ಗುಜರಿಗಾ?” ಎಂದ ಗುಜರಿಯವನ ಮೇಲೆ ರೇಗಿದೆ. ಅಂಕಿ ಮಿತಿಯೊಳಗೇ ನಿಂತಿತು.

“ಅಪ್ಪಾ, ಹಗುರಾಯ್ತು!” ಎಂದು ಕೂಗಿದೆ.

ಮಗ್ಗವಿದ್ದ ಜಾಗವನ್ನು ಗುಡಿಸುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ.

“ಹೂಂ ಕಣಮ್ಮಾ, ಮನೇನೂ ಹಗುರಾಯ್ತು.”