ಉಪ್ಪಿನಕಾಯಿ ಬಾಟಲಿಯಲ್ಲಿ ಕಂಡ ಉದ್ದ ರೆಕ್ಕೆ

ಬಣ್ಣದ ಮೀನು ಸಾಕುವ ಹುಚ್ಚು ಬಳ್ಳಾರಿಗೆ ಆಗಷ್ಟೇ ಹತ್ತಿತ್ತು. ನಮ್ಮ ಸಿಮೆಂಟ್ ತೊಟ್ಟಿಯ ಮೀಸೆಮೀನು ಮರಿ ಮಾಡಿತ್ತು. ಗಂಡಿನ ಬೆನ್ನ ಮೇಲೆ ಬಾವುಟದಂಥ ಉದ್ದ ರೆಕ್ಕೆ, ಹೆಣ್ಣಿನದು ಗಿಡ್ಡ. ಸಿರುಗುಪ್ಪದ ರೈಸ್ ಮಿಲ್ ಸಾಹುಕಾರರಿಗೆ ಉದ್ದ ರೆಕ್ಕೆಯ ಮರಿಯೇ ಬೇಕಿತ್ತು. ಮೇಲಿನಿಂದ ನೋಡಿದರೆ ರೆಕ್ಕೆ ತಿಳಿಯುವುದಿಲ್ಲವೆಂದು ಮರಿಗಳನ್ನು ಗುಂಡನೆಯ ಉಪ್ಪಿನಕಾಯಿ ಬಾಟಲಿಗೆ ಹಾಕಿದೆ. ಎಲ್ಲಕ್ಕೂ ಉದ್ದ ರೆಕ್ಕೆ! ಖುಷಿಗೆ ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯಿಂದ ಇಳಿಸಲೇ ಇಲ್ಲ.

ಸಾಹುಕಾರರು ಬಾಟಲಿಯ ಹಿಂದೆ ಬೆರಳು ಹಿಡಿದರು. “ನನ್ನ ಉಂಗುರಾನೂ ಬಳೆ ಆಗೈತಲ್ರೀ!”

ಗುಂಡು ಬಾಟಲಿ ಎಲ್ಲವನ್ನೂ ಹಿಗ್ಗಿಸಿ ತೋರಿಸಿತ್ತು. ಮರಿಗಳನ್ನು ಅವರ ಚೌಕ ಗಾಜಿನ ತೊಟ್ಟಿಗೆ ಬಿಟ್ಟೆವು. ಅವು ಹೆದರಿ, ರೆಕ್ಕೆ ಮಡಚಿ ತಳ ಹಿಡಿದವು. ಇಬ್ಬರೂ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಒಂದು ಮರಿ ಸರ್ರನೆ ಮೇಲೇರಿ, ಗಾಳಿ ಕುಡಿದು ಇಳಿದು, ಬೆನ್ನ ರೆಕ್ಕೆ ಬಿಚ್ಚಿತು. ಅಪ್ಪನದೇ ಬಾವುಟ!

“ಐತಿ, ಐತಿ! ಅಲ್ಲೈತಿ ನೋಡ್ರೀ!” ಸಾಹುಕಾರರ ಕೂಗಿಗೆ ಮಿಲ್ಲಿನ ಹಮಾಲರು ಹಾವೆಂದುಕೊಂಡು ಕೋಲು ಹಿಡಿದು ಓಡಿಬಂದರು.

ಉಳಿದವೂ ಒಂದೊಂದಾಗಿ ರೆಕ್ಕೆ ಬಿಚ್ಚಿದವು; ಎಲ್ಲ ಗಿಡ್ಡವೇ. ನಾಚಿಕೆಯಿಂದ ಅವನ್ನು ವಾಪಸು ಹಿಡಿಯಹೊರಟೆ.

“ಇರ್ಲಿ ಬಿಡ್ರಿ, ಬಾಟ್ಲಿನೂ ಇಟ್ಟು ಹೋಗ್ರಿ,” ಎಂದರು ಸಾಹುಕಾರರು. “ನಾಳೆ ಬೀಗರು ಬರೋರದಾರ.”