ಬಿರುಕಿಗೆ ಬಣ್ಣ ಬಳಿದ ಶುಕ್ರವಾರ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಗಲ್ಫಿನ ಬನಿಯಾಸ್‌ನ ಒಂದು ಸರ್ಕಾರಿ ಹೆಣ್ಣುಮಕ್ಕಳ ಶಾಲೆಗೆ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ದುರಸ್ತಿಯ ಗುತ್ತಿಗೆ ಹಿಡಿದಿದ್ದ ಕಂಪನಿಯಲ್ಲಿ ನಾನು ಸೂಪರ್‌ವೈಸರ್. ನಲ್ಲಿ, ಏಸಿ, ಬಾಗಿಲಿನ ತಿರುಗಣೆ ನನ್ನ ಪಾಲಿನ ಕೆಲಸ. ಒಂದನೇ ತರಗತಿಯ ಕೋಣೆಯ ಚಾವಣಿ ಮಾತ್ರ ದುರಸ್ತಿಯ ಹಂತ ದಾಟಿತ್ತು. ಅದನ್ನು ಕೆಡವಿ ಹೊಸದಾಗಿ ಕಟ್ಟಬೇಕಿತ್ತು, ಅದಕ್ಕೆ ಸರ್ಕಾರ ಹಣ ಮಂಜೂರು ಮಾಡಬೇಕಿತ್ತು.

ಕಟ್ಟುವಾಗ ಕಾಂಕ್ರೀಟಿಗೆ ಕಡಲ ದಂಡೆಯ ಉಪ್ಪು ಮರಳು ಬೆರೆಸಿದ್ದರು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ತೊಲೆಯ ಅಡಿಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಬಾಗಿಲ ಕಡೆ ಆ ಬಿರುಕಿಗೆ ನನ್ನ ಉಗುರು ಹೋಗುತ್ತಿತ್ತು, ಕಿಟಕಿಯ ಕಡೆ ಕಿರುಬೆರಳೇ ಹೋಗುತ್ತಿತ್ತು. ಮುಖ್ಯೋಪಾಧ್ಯಾಯಿನಿ ಅದೇ ನಾಡಿನವರು, ಐವತ್ತರ ಆಸುಪಾಸಿನವರು. ಕಿಟಕಿಯ ಸಾಲಿನಲ್ಲಿ ಮಕ್ಕಳನ್ನು ಕೂರಿಸುವುದನ್ನು ಅವರು ನಿಲ್ಲಿಸಿದ್ದರು. ಇಲಾಖೆಗೆ ಮೂರು ವರ್ಷ, ಮೂರು ಪತ್ರ ಬರೆದಿದ್ದರು. ಮೂರನೆಯದರ ಜೊತೆ ನಾನು ಅಳೆದು ಬರೆದ ನಕ್ಷೆಯೂ ಹೋಗಿತ್ತು. ಕೊನೆಗೆ ಉತ್ತರ ಬಂತು: ಶನಿವಾರ ಎಂಜಿನಿಯರ್ ಬಂದು ನೋಡುತ್ತಾರೆ.

ಶುಕ್ರವಾರ ರಜೆ. ಬೆಳಿಗ್ಗೆಯೇ ಶಾಲೆಯ ಕಾವಲಿನವರು ಫೋನ್ ಮಾಡಿದರು. ಮಂಗಳೂರಿನ ಕಡೆಯ ಕ್ರೈಸ್ತರು, ನನಗಿಂತ ತುಂಬ ಹಿರಿಯರು. ಗೇಟು ಕಾಯುವುದು, ಗುಡಿಸುವುದು ಎರಡೂ ಅವರದೇ.

"ಎಂತ ಮಾರಾಯ್ರೆ, ನಾಳೆ ದೊಡ್ಡವರು ಬರುದಂತೆ. ಈ ಅವಸ್ಥೆಯಲ್ಲಿ ತೋರಿಸುದಾ?"

"ಅದನ್ನ ನೋಡೋಕೇ ಅಲ್ವೇನಣ್ಣ ಅವರು ಬರ್ತಿರೋದು?"

"ನಿಮ್ಮ ಮೈಸೂರಲ್ಲಿ ಹಾಗೆ ಇರ್ಬಹುದು. ನಮ್ಮಲ್ಲಿ ಬಿಷಪ್ ಬರುವಾಗ ಇಗರ್ಜಿಗೆ ಸುಣ್ಣ ಹೊಡೀತಾರೆ." ಆಮೇಲೆ ದನಿ ಇಳಿಸಿದರು. "ಇಷ್ಟು ವರ್ಷ ನೀನು ಇಲ್ಲಿ ಎಂತ ನೋಡಿಕೊಂಡದ್ದು ಅಂತ ಅವರು ಕೇಳಿದ್ರೆ?"

ಅಳತೆಯೆಲ್ಲ ನಕ್ಷೆಯಲ್ಲಿದೆ, ಎಂಜಿನಿಯರ್ ಅದನ್ನು ಓದಿಕೊಂಡೇ ಬರುತ್ತಾರೆ ಎಂದುಕೊಂಡೆ. ಸ್ಟೋರಿನಿಂದ ಗೋಡೆಗೆ ಮೆತ್ತುವ ಪುಟ್ಟಿ, ಬಿಳಿ ಬಣ್ಣ ತಂದವನು ನಾನೇ. ಅವರು ಏಣಿ ಹಿಡಿದರು, ನಾನು ಬಿರುಕು ತುಂಬಿದೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಚಾವಣಿ ಒಂದೇ ಬಿಳುಪಾಗಿತ್ತು. ಇಬ್ಬರೂ ಕತ್ತೆತ್ತಿ ನೋಡಿ ಖುಷಿಪಟ್ಟೆವು. ಆ ಖುಷಿಯನ್ನೂ ಇಲ್ಲಿ ಬರೆದಿಡಬೇಕು.

ಶನಿವಾರ ಮಕ್ಕಳು ಬರುವ ಮುಂಚೆ ಮುಖ್ಯೋಪಾಧ್ಯಾಯಿನಿ ಕೋಣೆಗೆ ಕಾಲಿಟ್ಟವರು ಹಾಗೇ ನಿಂತರು. "ಕೌನ್ ಕಿಯಾ?" ಎಂದು ಗಲ್ಫಿನ ಹಿಂದಿಯಲ್ಲಿ ಕೇಳಿದರು. ನಾನು ಎಂದೆ. ಬೈಯಲಿಲ್ಲ. ಮಕ್ಕಳ ಪುಟ್ಟ ಕುರ್ಚಿಯೊಂದರ ಮೇಲೆ ಕುಳಿತು, ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡರು. ನಾವು ಏನು ಮಾಡಿದ್ದೇವೆಂದು ನನಗೆ ಆಗ ಪೂರ್ತಿ ಗೊತ್ತಾಯಿತು.

ಏನನ್ನೂ ಸರಿಪಡಿಸುವ ಮೊದಲೇ ಎಂಜಿನಿಯರ್ ಬಂದರು. ಮೇಲೆ ನೋಡಿದರು, ಫೈಲು ನೋಡಿದರು, ಮತ್ತೆ ಮೇಲೆ ನೋಡಿದರು.

"ತಮಾಮ್! ಚೆನ್ನಾಗಿದೆಯಲ್ಲ, ಮೇಡಂ. ಪತ್ರದಲ್ಲಿರುವ ಬಿರುಕು ಎಲ್ಲಿ?"

ಅವರು ಮೇಡಂ ಕಡೆ ನೋಡಿದ್ದು ಸುಳ್ಳು ಬರೆದವರನ್ನು ನೋಡುವ ಹಾಗೆ. "ಸರ್, ನಿನ್ನೆ ನಾನೇ ಮುಚ್ಚಿದೆ" ಎಂದು ಏಣಿ ಹತ್ತಿದೆ. ಕರಣೆಯಿಂದ ಪುಟ್ಟಿ ಕೆರೆಯತೊಡಗಿದೆ.

"ಇಳೀರಿ ನೀವು. ಮುಚ್ಚಿಸಿದ್ದು ನಾನಲ್ವಾ" ಎಂದು ಏಣಿ ಹಿಡಿದಿದ್ದ ಕಾವಲಿನವರು ಕರಣೆ ಕಸಿದುಕೊಂಡರು. ತಾವೇ ಹತ್ತಿ, ಬಾಗಿಲಿನಿಂದ ಕಿಟಕಿಯವರೆಗೆ ಏಣಿ ಸರಿಸುತ್ತ ಸರಿಸುತ್ತ, ತಾವು ಅಷ್ಟು ಆಸೆಯಿಂದ ಮಾಡಿಸಿದ ಕೆಲಸವನ್ನು ಕೆರೆದು ಹಾಕಿದರು. ಕಿಟಕಿಯ ಬಳಿ ಪುಟ್ಟಿಯ ಜೊತೆ ತೆಂಗಿನ ಹೋಳಿನಷ್ಟು ದೊಡ್ಡ ಕಾಂಕ್ರೀಟಿನ ತುಂಡು ಕಳಚಿ ಖಾಲಿ ಬಿಟ್ಟಿದ್ದ ಸಾಲಿನ ಕುರ್ಚಿಯ ಮೇಲೆ ಬಿತ್ತು. ತೊಲೆಯಲ್ಲಿ ಕೆಂಪಗೆ ಕಂಬಿ ಕಂಡಿತು.

ಕಾವಲಿನವರು ಕೆಳಗಿಳಿದು, ಅಭ್ಯಾಸ ನೋಡಿ, ಪೊರಕೆ ತಂದರು.

"ಲಾ, ಲಾ, ಬಾಬಾ!" ಮುಖ್ಯೋಪಾಧ್ಯಾಯಿನಿ ಎದ್ದೇ ಬಿಟ್ಟರು. "ಇವತ್ತೊಂದು ದಿನ ಗುಡಿಸಬೇಡ." ಆಮೇಲೆ ಎಂಜಿನಿಯರ್‌ಗೆ ಅರಬಿಯಲ್ಲಿ ಹೇಳಿದ್ದು ನನಗೆ ಅರ್ಥವಾಗುವಷ್ಟು ಸರಳವಾಗಿತ್ತು: ಈ ಮನುಷ್ಯ ಇರುವುದರಿಂದಲೇ ಈ ಶಾಲೆ ಇಷ್ಟು ದಿನ ನಿಂತಿದೆ.

ಎಂಜಿನಿಯರ್ ಹೆಗಲ ಮೇಲಿನ ಪುಡಿ ಕೊಡವದೆ, ನಿಂತೇ ಬರೆದರು. ಆ ದಿನವೇ ಒಂದನೇ ತರಗತಿ ಗ್ರಂಥಾಲಯಕ್ಕೆ ಹೋಯಿತು. ಪುಟ್ಟ ಕುರ್ಚಿಗಳನ್ನು ನಾವಿಬ್ಬರೂ ಎರಡೆರಡಾಗಿ ಹೊತ್ತೆವು.

ಬೇಸಿಗೆ ರಜೆಗೆ ಮುಂಚೆ ಮಂಜೂರಾತಿ ಪತ್ರ ಬಂತು. ಮುಖ್ಯೋಪಾಧ್ಯಾಯಿನಿ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿ ಅದನ್ನು ಗಟ್ಟಿಯಾಗಿ ಓದಿದರು. ಸರ್ಕಾರಿ ಅರಬಿ ನಮಗೆ ಬರುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು. ಆದರೂ ಒಂದು ಸಾಲನ್ನೂ ಬಿಡದೆ ಓದಿದರು. ನಾವು ಕೊನೆಯವರೆಗೂ ನಿಂತು ಕೇಳಿದೆವು.