ಚಳಿಗೆ ಸತ್ತ ಉಣುಗು

ತೊಂಬತ್ತರ ದಶಕದ ಕೊನೆಯಲ್ಲಿ ನಾವು ವಿಲಾಯಿತಿಯ ಪಿನ್ನರ್ ಎಂಬ ಊರಿನಲ್ಲಿದ್ದಾಗ, ನಮ್ಮ ಯಜಮಾನರು ಆಫೀಸಿನ ಕಂಪ್ಯೂಟರುಗಳ ಜೊತೆಗೆ ಪ್ರಾಣಿಶಾಸ್ತ್ರವನ್ನೂ ಅರೆದು ಕುಡಿದಿದ್ದರು. ಒಂದು ಜನವರಿಯಲ್ಲಿ ಹಿಮ ಬಿದ್ದದ್ದೇ ತಡ, ಕಿಟಕಿಯ ಬಳಿ ನಿಂತೇ ತೀರ್ಪು ಕೊಟ್ಟರು: "ಈ ಚಳಿಗೆ ಉಣುಗೆಲ್ಲ ಸತ್ತುಹೋಗಿರುತ್ತೆ. ನಮ್ಮ ನಾಯಿಗೆ ಇನ್ನು ಆ ಉಣುಗಿನ ಔಷಧಿ ಯಾಕೆ?"

ಅಂಥ ಪಂಡಿತರೊಡನೆ ವಾದಿಸುವುದುಂಟೆ? "ಹೌದಾ?" ಎಂದು, ಎಂದಿನಂತೆ ನಾಯಿಯ ಕತ್ತಿನ ಹಿಂದೆ ಔಷಧಿಯ ಹನಿ ಬಿಟ್ಟೆ.

ಹಿಮ ಕರಗಿ ಬಿಸಿಲು ಬಂದಾಗ ಯಜಮಾನರೂ ನಾಯಿಯೂ ಹತ್ತಿರದ ಕಾಡಿನಲ್ಲಿ ಸುತ್ತಾಡಿ ಬಂದರು. ನಾನು ನಾಯಿಯ ಕಿವಿ, ಕಂಕುಳು, ಬೆರಳ ಸಂದಿ ಎಲ್ಲ ತಡಕಿದೆ; ಏನೂ ಇರಲಿಲ್ಲ. ಮರುದಿನ ಬಚ್ಚಲಿನಿಂದ ಯಜಮಾನರ ಕೂಗು: "ಏ, ಇಲ್ಲಿ ಬಾರೆ! ಮೊಣಕಾಲ ಹಿಂದೆ ಏನೋ ಕಚ್ಚಿಕೊಂಡಿದೆ!"

ಚಳಿಗೆ ಸತ್ತಿದ್ದ ಉಣುಗು ಅವರ ರಕ್ತ ಕುಡಿದು ದುಂಡಗಾಗಿತ್ತು. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ಮೆಲ್ಲಗೆ ಎಳೆದು ತೆಗೆದೆ.

ನಾಯಿಯನ್ನು ಕರೆದುಕೊಂಡು ಇಬ್ಬರೂ ಆಸ್ಪತ್ರೆಗೆ ಹೋದಾಗ ನಾಯಿಯ ಡಾಕ್ಟರಮ್ಮ ಸುದ್ದಿ ಕೇಳಿ ನಕ್ಕರು. "ಹಿಮ ಬಿದ್ದರೂ ಅವು ತರಗೆಲೆಯಡಿ ಬದುಕಿರುತ್ತವೆ. ಸ್ವಲ್ಪ ಬೆಚ್ಚಗಾದರೆ ಸಾಕು, ಹೊರಗೆ ಬರುತ್ತವೆ. ಔಷಧಿ ವರ್ಷವಿಡೀ ಹಾಕಿ."

"ನಾಯಿಗಾ, ಇವರಿಗಾ?" ಎಂದು ಕೇಳಿದೆ. ಯಜಮಾನರು ಗೋಡೆಯ ಮೇಲಿದ್ದ ಬೆಕ್ಕಿನ ಚಿತ್ರವನ್ನು ಗಹನವಾಗಿ ಅಧ್ಯಯನ ಮಾಡತೊಡಗಿದರು.